ಕಾಲೇಜಲ್ಲಿ ಎಲ್‌ಜಿಬಿಟಿಕ್ಯೂ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಬೆಂಬಲದ ಬಳಗ ಕಟ್ಟೋದು ಹೇಗೆ: ಮೈಸೂರು, ಮಂಡ್ಯದವರಿಗೆ

ಒಂದೇ ಪ್ರಶ್ನೆ ಬೇರೆ ಬೇರೆ ಥರ ಬರ್ತಾನೇ ಇದೆ. "ನಮ್ಮ ಡಿಪಾರ್ಟ್‌ಮೆಂಟಲ್ಲಿ ಎರಡು ಮೂರು ಜನ ಇದೀವಿ, ಏನಾದ್ರೂ ಶುರು ಮಾಡ್ಬೇಕು, ಹೇಗೆ?" ಅಂತ ಸ್ಟೂಡೆಂಟ್ಸ್ ಕೇಳ್ತಾರೆ. "ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ತುಂಬ ಕುಗ್ಗಿ ಹೋಗಿದಾನೆ, ಯಾಕೆ ಅಂತ ಅಂದಾಜಿದೆ, ನಾನಾಗೇ ಹೋಗಿ ಮಾತಾಡಿಸ್ಲಾ ಬೇಡ್ವಾ?" ಅಂತ ಲೆಕ್ಚರರ್ಸ್ ಕೇಳ್ತಾರೆ. "ಇದಕ್ಕೆ ಪರ್ಮಿಷನ್ ಬೇಕಾ, ಪೊಲೀಸ್ ಕೇಸ್ ಆಗತ್ತಾ?" ಅಂತ ಹೆದರ್ಕೊಂಡು ಕೇಳೋರೂ ಇದಾರೆ. ಅದಕ್ಕೇ ಎಲ್ಲಾನೂ ಒಂದೇ ಕಡೆ ಬರೀತಿದೀನಿ.

ಕೊನೇ ಪ್ರಶ್ನೆಗೆ ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಕೇಸ್ ಆಗಲ್ಲ. ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ನೇ ತಾರೀಖು, ವಯಸ್ಕರು ಒಪ್ಪಿ ಇರೋ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಹೇಳಿಬಿಟ್ಟಿದೆ. ಇನ್ನು ಒಬ್ರಿಗೊಬ್ರು ಆಸರೆ ಆಗೋಕೆ ಸೇರೋದು ಅದಕ್ಕೂ ಮುಂಚೆನೂ ಅಪರಾಧ ಆಗಿರ್ಲಿಲ್ಲ.

ಇನ್ನೊಂದು ವಿಷಯ ಶುರುನಲ್ಲೇ ಗಟ್ಟಿಯಾಗಿ ಹೇಳ್ಬೇಕು. ಬೆಂಗಳೂರಿನ ಕಾಲೇಜುಗಳಲ್ಲಿ ಮಾಡ್ತಾರಲ್ಲ, ಕಾಮನಬಿಲ್ಲಿನ ಪೋಸ್ಟರ್, ಇನ್‌ಸ್ಟಾಗ್ರಾಂ ಪೇಜು, ಸ್ಟಾಲು, ಅದನ್ನ ಹಾಗೇ ಎತ್ಕೊಂಡ್ ಬಂದು ಇಲ್ಲಿ ಇಡೋಕೆ ಹೋಗ್ಬೇಡಿ. ಅಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೀತಿದೆ, ಜನಸಾಗರದಲ್ಲಿ ಒಬ್ರು ಸೇರ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಹಾಗಲ್ಲ. ಮಾನಸಗಂಗೋತ್ರಿಲಿ ಎಂಎ ಓದೋ ಹುಡುಗಿಯ ಚಿಕ್ಕಪ್ಪ ಅಲ್ಲೇ ಯಾವ್ದೋ ಆಫೀಸಲ್ಲಿ ಕೆಲಸ ಮಾಡ್ತಿರ್ತಾರೆ, ಮಂಡ್ಯದಲ್ಲಂತೂ "ಯಾವೂರು, ಯಾರ ಮಗ" ಅಂತ ಎರಡು ಪ್ರಶ್ನೆ ಕೇಳಿದ್ರೆ ಸಾಕು ಮನೆ ಬಾಗಿಲವರೆಗೂ ಸುದ್ದಿ ಹೋಗತ್ತೆ. ಹಾಗಾಗಿ ನಮ್ಮ ಕಡೆ ಮೊದ್ಲು ಗುಟ್ಟು ಕಾಪಾಡೋ ವ್ಯವಸ್ಥೆ, ಆಮೇಲೆ ಸಹಾಯ, ಬೋರ್ಡು ಪೋಸ್ಟರ್ ಎಲ್ಲ ಕಟ್ಟಕಡೆಗೆ. ಈ ಕ್ರಮ ತಪ್ಪಿದ್ರೆ ಯಾರಿಗೆ ಸಹಾಯ ಬೇಕಿತ್ತೋ ಅವ್ರೇ ಮೊದ್ಲು ದೂರ ಓಡ್ತಾರೆ.

ಪದಗಳು, ಚುಟುಕಾಗಿ

ಎಲ್‌ಜಿಬಿಟಿಕ್ಯೂ ಅನ್ನೋದರ ಒಂದೊಂದು ಅಕ್ಷರಕ್ಕೂ ಒಂದೊಂದು ಪದ. ಲೆಸ್ಬಿಯನ್ ಅಂದ್ರೆ ಹೆಣ್ಣನ್ನ ಪ್ರೀತಿಸೋ ಹೆಣ್ಣು, ಗೇ ಅಂದ್ರೆ ಗಂಡನ್ನ ಪ್ರೀತಿಸೋ ಗಂಡು, ಬೈಸೆಕ್ಷುಯಲ್ ಅಂದ್ರೆ ಇಬ್ರ ಕಡೆಗೂ ಒಲವು ಇರೋರು. ಟ್ರಾನ್ಸ್‌ಜೆಂಡರ್ ಅಂದ್ರೆ ಹುಟ್ಟಿದಾಗ ಬರೆಸಿದ ಲಿಂಗಕ್ಕೂ ತಮಗೆ ಒಳಗಿಂದ ಅನ್ಸೋದಕ್ಕೂ ಹೊಂದದೇ ಇರೋರು, ಇದರಲ್ಲಿ ಟ್ರಾನ್ಸ್ ಹೆಂಗಸ್ರೂ ಇದಾರೆ ಟ್ರಾನ್ಸ್ ಗಂಡಸ್ರೂ ಇದಾರೆ, ಎರಡೂ ಅಲ್ಲ ಅನ್ನೋರೂ ಇದಾರೆ. ಕ್ವೀರ್ ಅನ್ನೋದು ಇವರೆಲ್ಲರಿಗೂ ಸೇರಿಸಿ ಹೇಳೋ ಮಾತು. ಸರ್ಕಾರಿ ಕಾಗದದಲ್ಲಿ "ಲೈಂಗಿಕ ಅಲ್ಪಸಂಖ್ಯಾತರು", "ಲಿಂಗತ್ವ ಅಲ್ಪಸಂಖ್ಯಾತರು" ಅಂತ ಇರತ್ತೆ, ಅರ್ಜಿ ಬರೆಯುವಾಗ ಅದನ್ನೇ ಬಳಸಿ. ಔಟಿಂಗ್ ಅಂದ್ರೆ ಒಬ್ರ ವಿಷಯವನ್ನ ಅವರ ಒಪ್ಪಿಗೆ ಇಲ್ದೆ ಇನ್ನೊಬ್ರಿಗೆ ಹೇಳೋದು. ಈ ಪದ ನೆನಪಿಟ್ಕೊಳ್ಳಿ, ಮುಂದೆ ಬರೋ ಎಚ್ಚರಿಕೆಗಳಲ್ಲಿ ಅರ್ಧ ಇದರ ಬಗ್ಗೆನೇ.

1. ಮೊದ್ಲು ಮೂರು ನಾಲ್ಕು ಜನ, ಅಷ್ಟೇ ಸಾಕು

ದೊಡ್ಡ ಗುಂಪು ಬೇಡ. ಶುರುಗೆ ಮೂರು ನಾಲ್ಕು ಜನ, ಅದರಲ್ಲಿ ಒಬ್ರಾದ್ರೂ ಪರ್ಮನೆಂಟ್ ನೌಕರಿ ಇರೋ ಟೀಚರ್ರೋ ಲೈಬ್ರರಿಯನ್ನೋ ಆಗಿರ್ಲಿ. ಯಾಕಂದ್ರೆ ಬರೀ ಸ್ಟೂಡೆಂಟ್ಸ್ ಮಾಡಿದ ಗುಂಪು ಅವರು ಪಾಸಾಗಿ ಹೋದ ವರ್ಷನೇ ಮುಗಿಯತ್ತೆ, ಪಿಜಿ ಅಂದ್ರೆ ಎರಡೇ ವರ್ಷ, ಅದರಲ್ಲಿ ಒಂದು ವರ್ಷ ಧೈರ್ಯ ಮಾಡೋದರಲ್ಲೇ ಹೋಗಿರತ್ತೆ. ಅತಿಥಿ ಉಪನ್ಯಾಸಕರನ್ನ ಮುಂದೆ ನಿಲ್ಲಿಸ್ಬೇಡಿ. ಅವರು ಎಷ್ಟೇ ಒಳ್ಳೆಯವರಿರ್ಲಿ, ವರ್ಷ ವರ್ಷ ಕೆಲಸ ಮುಂದುವರಿಯತ್ತೋ ಇಲ್ವೋ ಅನ್ನೋ ಸ್ಥಿತಿಲಿ ಇರೋರ ಮೇಲೆ ಈ ಭಾರ ಹಾಕೋದು ನ್ಯಾಯ ಅಲ್ಲ.

ಮುಖವಾಗಿ ನಿಲ್ಲೋರು ಎಲ್‌ಜಿಬಿಟಿಕ್ಯೂನೇ ಆಗಿರ್ಬೇಕು ಅಂತೇನಿಲ್ಲ. ನನ್ನ ಪ್ರಕಾರ ಸಣ್ಣ ಊರಲ್ಲಿ ಅಲೈ ಇದ್ರೇ ಒಳ್ಳೇದು. ಅಲೈ ಅಂದ್ರೆ ತಾವು ಆ ಸಮುದಾಯದವರಲ್ಲದಿದ್ರೂ ಜೊತೆಗೆ ನಿಲ್ಲೋರು. ಆಗ ಅವರ ಚೇಂಬರ್‌ಗೆ ಹೋಗೋ ಸ್ಟೂಡೆಂಟ್ ಮೇಲೆ ಯಾರಿಗೂ ಅನುಮಾನ ಬರಲ್ಲ, ಅಸೈನ್‌ಮೆಂಟ್ ಕೊಡೋಕೆ ಹೋಗಿದಾನೆ ಅನ್ಕೋತಾರೆ. ಆದ್ರೆ ನಿರ್ಧಾರ ಮಾಡೋವಾಗ ಸಮುದಾಯದವರ ಮಾತೇ ಕೊನೇದು, ಅಲೈ ಬಾಗಿಲು ಕಾಯ್ತಾರೆ, ಮನೆ ನಡೆಸಲ್ಲ.

ಬರೀ ಪ್ರೊಫೆಸರ್‌ಗಳನ್ನೇ ಹುಡುಕ್ಬೇಡಿ. ಹಾಸ್ಟೆಲ್ ವಾರ್ಡನ್, ಎನ್‌ಎಸ್‌ಎಸ್ ಅಧಿಕಾರಿ, ಲೈಬ್ರರಿ ಅಟೆಂಡರ್, ಸೆಕ್ಯುರಿಟಿ ಅಕ್ಕ, ಇವರಿಗೆ ಕ್ಯಾಂಪಸ್ಸಲ್ಲಿ ನಡೆಯೋದು ಮೊದ್ಲು ಗೊತ್ತಾಗತ್ತೆ. ರಾತ್ರಿ ಒಂಬತ್ತಕ್ಕೆ ಹಾಸ್ಟೆಲಲ್ಲಿ ಒಂದು ಮಗು ಅಳ್ತಾ ಕೂತಿದ್ರೆ ನೋಡೋದು ವಾರ್ಡನ್ನೇ ಹೊರತು ಡೀನ್ ಅಲ್ಲ. ಆಮೇಲೆ ಆಫೀಸ್ ಸಿಬ್ಬಂದಿಲಿ, ಹೊರಗುತ್ತಿಗೆ ಕೆಲಸಗಾರರಲ್ಲಿ ಕೂಡ ಎಲ್‌ಜಿಬಿಟಿಕ್ಯೂ ಜನ ಇದಾರೆ, ಇದು ವಿದ್ಯಾರ್ಥಿಗಳ ಸಮಸ್ಯೆ ಮಾತ್ರ ಅನ್ಕೊಂಡ್ರೆ ಅವರನ್ನ ಯಾರೂ ಕೇಳೋದೇ ಇಲ್ಲ.

ಎಚ್ಚರಿಕೆ: ಯಾರು ಯಾರು "ಇದಾರೆ" ಅಂತ ನೀವೇ ಊಹೆ ಮಾಡಿ ಹೋಗಿ ಕರೀಬೇಡಿ. "ನೀನೂ ಹಾಗೇ ಅಂತ ಕೇಳ್ಪಟ್ಟೆ, ಬಾ" ಅಂದ್ರೆ ಆ ಮನುಷ್ಯ ಮೂರು ದಿನ ನಿದ್ದೆ ಮಾಡಲ್ಲ. ಶುರುನಲ್ಲಿ ಲೆಕ್ಚರರ್ ಕೇಳಿದ ಪ್ರಶ್ನೆ ಹೇಳಿದ್ನಲ್ಲ, ಅದಕ್ಕೂ ಇದೇ ಉತ್ತರ. ಆ ಹುಡುಗನ್ನ ಮಾತಾಡಿಸಿ, ಆದ್ರೆ "ಡಲ್ ಆಗಿದೀಯ, ಊಟ ನಿದ್ದೆ ಸರಿ ಇದ್ಯಾ" ಅಂತ ಮಾತ್ರ ಕೇಳಿ, ಕಾರಣ ಅವನು ಹೇಳಿದ್ರೆ ಹೇಳ್ಲಿ. ಕ್ಲಾಸಲ್ಲಿ ಪಾಠದ ನಡುವೆ ಈ ವಿಷಯದ ಬಗ್ಗೆ ಮರ್ಯಾದೆಯಿಂದ ಒಂದು ಮಾತಾಡಿ, ಯಾರೋ ಅಸಹ್ಯವಾಗಿ ಜೋಕ್ ಮಾಡಿದ್ರೆ ಅಲ್ಲೇ ತಡೀರಿ. ನಂಬಿಕೆ ಬಂದ್ರೆ ಅವರಾಗೇ ಬರ್ತಾರೆ.

2. ಗುಟ್ಟಿನ ನಿಯಮ: ಇದು ಸರಿ ಇಲ್ದೆ ಮುಂದಕ್ಕೆ ಹೋಗ್ಲೇಬೇಡಿ

ಇದನ್ನ ಉದ್ದವಾಗಿ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ಹೆಸರುಗಳ ಪಟ್ಟಿ ಮಾಡ್ಬೇಡಿ. ರಿಜಿಸ್ಟರ್ ಬೇಡ, ಎಕ್ಸೆಲ್ ಶೀಟ್ ಬೇಡ, ಗೂಗಲ್ ಫಾರ್ಮ್ ಬೇಡ, ಸಹಿ ಹಾಕಿಸೋ ಹಾಳೆ ಬೇಡ. ಯಾರಾದ್ರೂ ಮೇಲಿನೋರು "ಎಷ್ಟು ಜನ ಇದೀರ, ಲಿಸ್ಟ್ ಕೊಡಿ" ಅಂದ್ರೆ ಕೊಡೋಕೆ ಲಿಸ್ಟೇ ಇರ್ಬಾರ್ದು. ಬೇಕಾದ್ರೆ "ಈ ತಿಂಗಳು ಇಷ್ಟು ಜನ ಬಂದು ಮಾತಾಡಿದ್ರು" ಅನ್ನೋ ಸಂಖ್ಯೆ ಮಾತ್ರ.

ವಾಟ್ಸಾಪ್ ಗ್ರೂಪ್ ಮಾಡೋದು ಎಲ್ಲರೂ ಬೀಳೋ ಮೊದಲ ಹಳ್ಳ. ಗ್ರೂಪಿಗೆ ಸೇರಿಸಿದ ತಕ್ಷಣ ಎಲ್ಲರ ನಂಬರ್ ಎಲ್ಲರಿಗೂ ಕಾಣತ್ತೆ, ಆ ನಂಬರ್ ಟ್ರೂಕಾಲರ್‌ನಲ್ಲಿ ಹಾಕಿದ್ರೆ ಹೆಸರು ಬರತ್ತೆ, ಮನೇಲಿ ತಂಗಿ ಫೋನ್ ತಗೊಂಡು ಗೇಮ್ ಆಡ್ತಿದ್ರೆ ಮೇಲೆ ನೋಟಿಫಿಕೇಶನ್ ಜಾರಿ ಬರತ್ತೆ, ಅಲ್ಲಿಗೆ ಕಥೆ ಮುಗೀತು. ಸಿಗ್ನಲ್ ಆಪಲ್ಲಿ ಯೂಸರ್‌ನೇಮ್ ಇಟ್ಕೊಂಡು ಫೋನ್ ನಂಬರ್ ಮುಚ್ಚಿಡ್ಬಹುದು, ಮೆಸೇಜ್ ತಾನಾಗೇ ಅಳಿಸಿ ಹೋಗೋ ಹಾಗೂ ಮಾಡ್ಬಹುದು, ಅದನ್ನ ಬಳಸಿ. ಗ್ರೂಪಿಗೆ ಸಾದಾ ಹೆಸರು ಇಡಿ, "ಶನಿವಾರದ ಓದು" ಅಂತಲೋ ಏನೋ. ನೋಟಿಫಿಕೇಶನ್‌ನಲ್ಲಿ ಮೆಸೇಜ್ ಕಾಣದ ಹಾಗೆ ಸೆಟ್ಟಿಂಗ್ ಮಾಡೋದನ್ನ ಹೊಸಬರಿಗೆ ಪಕ್ಕದಲ್ಲಿ ಕೂತು ಮಾಡಿಕೊಡಿ, ಹೇಳಿ ಕಳಿಸಿದ್ರೆ ಮಾಡ್ಕೊಳ್ಳಲ್ಲ.

ಹೊಸಬರನ್ನ ನೇರವಾಗಿ ಗ್ರೂಪಿಗೆ ಸೇರಿಸ್ಬೇಡಿ. ಮೊದ್ಲು ಒಬ್ರು ಸಿಗ್ಲಿ, ಕ್ಯಾಂಟೀನಲ್ಲೋ ಲೈಬ್ರರಿ ಮೆಟ್ಟಿಲ ಹತ್ರಾನೋ ಟೀ ಕುಡೀತಾ ಮಾತಾಡ್ಲಿ, ಆಮೇಲೆ ಇನ್ನೊಬ್ರು ಸಿಗ್ಲಿ, ಇಬ್ರಿಗೂ ಸರಿ ಅನ್ಸಿದ್ರೆ ಮಾತ್ರ ಒಳಗೆ. ಇದು ಅತಿ ಅನ್ಸಬಹುದು. ಆದ್ರೆ ಫೇಕ್ ಪ್ರೊಫೈಲ್ ಮಾಡಿ, ಡೇಟಿಂಗ್ ಆಪಲ್ಲಿ ಪರಿಚಯ ಮಾಡ್ಕೊಂಡು, ಫೋಟೋ ತಗೊಂಡು "ಮನೆಗೆ ಕಳಿಸ್ತೀನಿ, ದುಡ್ಡು ಕೊಡು" ಅಂತ ಹೆದರಿಸೋ ದಂಧೆ ನಮ್ಮ ಕಡೆನೂ ಇದೆ, ಅಂಥೋರಿಗೆ ನಿಮ್ಮ ಗ್ರೂಪ್ ಸಿಕ್ಬಾರ್ದು.

ಹೊರಗಡೆ ಸಿಕ್ಕಾಗ ಹೇಗಿರ್ಬೇಕು ಅನ್ನೋದನ್ನೂ ಮಾತಾಡಿ ಇಟ್ಕೊಳ್ಳಿ. ಸಬರ್ಬನ್ ಬಸ್‌ಸ್ಟ್ಯಾಂಡಲ್ಲಿ ಅಪ್ಪ ಅಮ್ಮನ ಜೊತೆ ನಿಂತಿರೋ ಹುಡುಗನ್ನ ನೋಡಿ "ಏನ್ ಗುರು, ಮೀಟಿಂಗ್‌ಗೆ ಬರ್ಲಿಲ್ಲ" ಅಂತ ಕೂಗ್ಬೇಡಿ. ಅವರು ಮೊದ್ಲು ಮಾತಾಡಿಸಿದ್ರೆ ಮಾತ್ರ ಮಾತಾಡಿ. ಮನೆ ಲ್ಯಾಂಡ್‌ಲೈನ್, ಅಪ್ಪನ ಫೋನ್, ಇವಕ್ಕೆಲ್ಲ ಯಾವತ್ತೂ ಕಾಲ್ ಮಾಡ್ಬೇಡಿ. ಫೋಟೋ ಅಂತೂ ಇಲ್ಲವೇ ಇಲ್ಲ, "ಬರೀ ಕೈ ಮಾತ್ರ ಕಾಣತ್ತೆ" ಅಂದ್ರೂ ಇಲ್ಲ, ಕೈಬಳೆ ನೋಡಿ ಗುರುತು ಹಿಡಿಯೋ ಅಮ್ಮಂದಿರಿದಾರೆ.

ಗುಟ್ಟಿಗೆ ಎರಡು ಮಿತಿ ಇದೆ, ಅದನ್ನ ಮೊದಲ ದಿನವೇ ಹೇಳಿ. ಒಂದು, ಯಾರಾದ್ರೂ ಜೀವಕ್ಕೆ ಅಪಾಯ ಮಾಡ್ಕೊಳ್ಳೋ ಹಂತದಲ್ಲಿದ್ರೆ ಸಹಾಯ ಕರೀಲೇಬೇಕಾಗತ್ತೆ, ಆಗಲೂ "ತುಂಬ ಕಷ್ಟದಲ್ಲಿದಾರೆ" ಅಂತ ಹೇಳಿದ್ರೆ ಸಾಕು, ಲೈಂಗಿಕತೆಯ ವಿಷಯ ಹೇಳೋ ಅಗತ್ಯ ಇಲ್ಲ. ಎರಡು, ಡಿಗ್ರಿ ಮೊದಲ ವರ್ಷದಲ್ಲಿ 18 ತುಂಬದವರೂ ಇರ್ತಾರೆ. 2012ರ ಪೋಕ್ಸೋ ಕಾಯ್ದೆ ಪ್ರಕಾರ 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿರೋದು ಗೊತ್ತಾದ್ರೆ ತಿಳಿಸೋದು ಕಡ್ಡಾಯ. ಇದನ್ನ ಮುಚ್ಚಿಟ್ಟು ಮಾತು ಶುರು ಮಾಡ್ಬೇಡಿ, ಆಮೇಲೆ ನಂಬಿಕೆ ದ್ರೋಹ ಆದ ಹಾಗಾಗತ್ತೆ.

3. ಕಾನೂನು, ನಿಯಮ: ನಾಲ್ಕೈದು ಪ್ರಿಂಟ್ ತೆಗೆದು ಫೈಲಲ್ಲಿ ಇಡಿ

ಲಾಯರ್ ಆಗ್ಬೇಕಿಲ್ಲ. ಆದ್ರೆ ಆಫೀಸಲ್ಲಿ "ಇದೆಲ್ಲ ಎಲ್ಲಿದೆ ತೋರ್ಸಿ" ಅಂದಾಗ ತೋರ್ಸೋಕೆ ಕಾಗದ ಇರ್ಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಕೇಸಲ್ಲಿ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳ್ತು, ಅದರಲ್ಲೇ ಲೈಂಗಿಕ ಒಲವು ಕೂಡ ಖಾಸಗಿತನದ ಭಾಗ ಅಂತಲೂ ಇದೆ. ಯಾರಾದ್ರೂ ಸ್ಟೂಡೆಂಟ್ ವಿಷಯವನ್ನ ಮನೆಗೆ ಹೇಳೋಕೆ ಹೊರಟ್ರೆ ಮೊದ್ಲು ಮುಂದಿಡ್ಬೇಕಾದ್ದು ಇದನ್ನೇ.

ರ‍್ಯಾಗಿಂಗ್ ವಿರುದ್ಧದ ಯುಜಿಸಿ ನಿಯಮ 2009ರದ್ದು, 2016ರಲ್ಲಿ ಅದಕ್ಕೆ ತಿದ್ದುಪಡಿ ಆಗಿ, ಲೈಂಗಿಕ ಒಲವಿನ ಕಾರಣಕ್ಕೆ, ಟ್ರಾನ್ಸ್‌ಜೆಂಡರ್ ಅನ್ನೋ ಕಾರಣಕ್ಕೆ ಹಿಂಸೆ ಕೊಡೋದು, ದೂರ ಇಡೋದು ಕೂಡ ರ‍್ಯಾಗಿಂಗೇ ಅಂತ ಸೇರಿಸಿದಾರೆ. ಇದು ತುಂಬ ಜನಕ್ಕೆ ಗೊತ್ತಿಲ್ಲ, ಬಹಳ ಉಪಯೋಗಕ್ಕೆ ಬರತ್ತೆ. ಹಾಸ್ಟೆಲಲ್ಲಿ ನಡಿಗೆ ನೋಡಿ ಅಡ್ಡಹೆಸರು ಇಟ್ಟು ಕಾಡೋದು ಇದರ ಅಡಿಗೇ ಬರತ್ತೆ. ರಾಷ್ಟ್ರೀಯ ಸಹಾಯವಾಣಿ 1800-180-5522.

ಐಸಿಸಿ ಅಂದ್ರೆ ಆಂತರಿಕ ದೂರು ಸಮಿತಿ, ಪ್ರತಿ ಕಾಲೇಜಲ್ಲೂ ಇರ್ಲೇಬೇಕು. 2015ರ ಯುಜಿಸಿ ನಿಯಮಾವಳಿಲಿ ಹೆಣ್ಮಕ್ಕಳ ಜೊತೆಗೆ ಕೆಲವು ಗಂಡು ವಿದ್ಯಾರ್ಥಿಗಳು, ತೃತೀಯ ಲಿಂಗಿ ವಿದ್ಯಾರ್ಥಿಗಳು ಕೂಡ ಲೈಂಗಿಕ ಕಿರುಕುಳಕ್ಕೆ ಗುರಿಯಾಗ್ತಾರೆ ಅಂತ ಒಪ್ಕೊಂಡಿದಾರೆ. ಘಟನೆ ಆದ 3 ತಿಂಗಳ ಒಳಗೆ ದೂರು ಕೊಡ್ಬೇಕು, ವಿಚಾರಣೆ 90 ದಿನದಲ್ಲಿ ಮುಗೀಬೇಕು. "ಹುಡುಗರ ದೂರು ನಾವು ತಗೊಳ್ಳಲ್ಲ" ಅಂತ ವಾಪಸ್ ಕಳಿಸಿದ್ರೆ ಈ ನಿಯಮಾವಳಿ ತೆಗೆದು ಮುಂದಿಡಿ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ 2019ರದ್ದು, 2020ರ ಜನವರಿ 10ರಿಂದ ಜಾರಿ ಆಯ್ತು. ಶಿಕ್ಷಣ ಸಂಸ್ಥೆಲಿ, ಕೆಲಸದ ಜಾಗದಲ್ಲಿ ತಾರತಮ್ಯ ಮಾಡ್ಬಾರ್ದು, ಪ್ರತಿ ಸಂಸ್ಥೆನೂ ಒಬ್ಬ ದೂರು ಅಧಿಕಾರಿನ ನೇಮಿಸ್ಬೇಕು ಅಂತ ಅದರಲ್ಲಿದೆ. ನಿಮ್ಮ ಕಾಲೇಜಲ್ಲಿ ಆ ಅಧಿಕಾರಿ ಯಾರು ಅಂತ ಒಂದು ಸಾದಾ ಪತ್ರ ಬರೆದು ಕೇಳಿ ನೋಡಿ. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ. 1 ಮೀಸಲಾತಿನೂ ತಂತು, ಕೆಲಸಕ್ಕೆ ಓದ್ತಿರೋರಿಗೆ ಇದನ್ನ ಹೇಳಿ.

ಮದುವೆ ವಿಷಯ ಕೇಳ್ತಾರೆ: 2023ರ ಅಕ್ಟೋಬರ್ 17ರ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡ್ಲಿಲ್ಲ. ಸುಳ್ಳು ಆಸೆ ಹುಟ್ಟಿಸ್ಬೇಡಿ. ಆದ್ರೆ ಸಂಗಾತಿ ಜೊತೆ ಜಾಯಿಂಟ್ ಬ್ಯಾಂಕ್ ಅಕೌಂಟ್ ತೆರೆಯೋಕೆ, ಅವರನ್ನ ನಾಮಿನಿ ಮಾಡೋಕೆ ಅಡ್ಡಿ ಇಲ್ಲ ಅಂತ 2024ರ ಆಗಸ್ಟಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿದೆ, ಸಿಬ್ಬಂದಿಗೆ ಇದು ಗೊತ್ತಿರ್ಲಿ.

4. ಆಡಳಿತದ ಹತ್ರ ಹೋಗೋದು

ನೇರ ವಿಸಿ ಅಥವಾ ಪ್ರಿನ್ಸಿಪಾಲ್ ಹತ್ರ ದೊಡ್ಡ ಬೇಡಿಕೆ ಪಟ್ಟಿ ಹಿಡ್ಕೊಂಡ್ ಹೋಗ್ಬೇಡಿ. ಮೊದ್ಲು ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿ, ಇಲ್ಲಾ ಐಸಿಸಿ ಅಧ್ಯಕ್ಷರು, ಇಲ್ಲಾ ಐಕ್ಯೂಎಸಿ ಸಂಚಾಲಕರು. ಐಕ್ಯೂಎಸಿ ಅಂದ್ರೆ ಕಾಲೇಜಿನ ಗುಣಮಟ್ಟ ನೋಡೋ ಆಂತರಿಕ ಕೋಶ, ನ್ಯಾಕ್ (ಕಾಲೇಜುಗಳ ಮೌಲ್ಯಮಾಪನ ಮಾಡೋ ಸಂಸ್ಥೆ) ಬಂದಾಗ ರಾತ್ರಿ ಹಗಲು ಫೈಲ್ ಮಾಡೋದು ಅವರೇ. ನ್ಯಾಕ್‌ನ ಏಳನೇ ಮಾನದಂಡದಲ್ಲಿ ಲಿಂಗ ಸಮಾನತೆಗೆ ಕಾಲೇಜು ಏನ್ ಮಾಡಿದೆ ಅಂತ ಕೇಳ್ತಾರೆ. ಈ ಬಳಗ ಅಲ್ಲಿ ತೋರಿಸೋಕೆ ಆಗತ್ತೆ ಅಂತ ನೀವು ಹೇಳಿದ್ರೆ, ಇದುವರೆಗೂ ಮುಖ ಬಿಗಿದ್ಕೊಂಡಿದ್ದೋರೂ ಕೂತು ಕೇಳ್ತಾರೆ.

ಪತ್ರ ಕನ್ನಡದಲ್ಲೇ ಬರೀರಿ, ಒಂದೇ ಪುಟ. ಮೂರೇ ಕೇಳಿ: ವಾರಕ್ಕೆ ಒಂದು ಸಲ ಒಂದು ರೂಮು, ಸಂಪರ್ಕಕ್ಕೆ ಒಬ್ಬ ಅಧಿಕಾರಿಯ ಹೆಸರು, ನೋಟಿಸ್ ಬೋರ್ಡಲ್ಲಿ ಸಹಾಯವಾಣಿ ನಂಬರ್‌ಗಳ ಒಂದು ಹಾಳೆ. ದುಡ್ಡು ಕೇಳ್ಬೇಡಿ, ದುಡ್ಡು ಅಂದ್ರೆ ಫೈಲ್ ಮೂರು ಟೇಬಲ್ ಜಾಸ್ತಿ ತಿರುಗತ್ತೆ. ಪತ್ರ ಕೊಟ್ಟ ಮೇಲೆ ನಿಮ್ಮ ಕಾಪಿ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳದೇ ಬರ್ಬೇಡಿ.

ಹೆಸರಿನ ಬಗ್ಗೆ ಜಗಳ ಆಗತ್ತೆ. ಎಲ್‌ಜಿಬಿಟಿಕ್ಯೂ ಅಂತ ಬೋರ್ಡ್ ಇರ್ಲೇಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ನನ್ನ ಅಭಿಪ್ರಾಯ: "ಸಮಾನತೆ ಮತ್ತು ಯೋಗಕ್ಷೇಮ ಬಳಗ" ಅನ್ನೋ ಥರದ ಹೆಸರು ಇಟ್ಕೊಳ್ಳಿ, ಒಳಗಿನ ಹಾಳೆಲಿ ಯಾರಿಗಾಗಿ ಅಂತ ಸ್ಪಷ್ಟವಾಗಿ ಬರೀರಿ. ಆ ಬಾಗಿಲು ತಳ್ಳಿ ಒಳಗೆ ಬರೋ ಹುಡುಗಿಗೆ ಹೊರಗಿಂದ ನೋಡೋರು ಏನೂ ಅಂದುಕೊಳ್ಳಬಾರದು, ಅದೇ ಮುಖ್ಯ. ಇದು ಹೇಡಿತನ ಅಂತ ಯಾರಾದ್ರೂ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಬೋರ್ಡನ್ನ ನಾಲ್ಕು ವರ್ಷ ಆದ್ಮೇಲೂ ಬದಲಾಯಿಸ್ಬಹುದು.

ಮ್ಯಾನೇಜ್‌ಮೆಂಟ್ ಕಾಲೇಜಲ್ಲಿ ಒಪ್ಪೋ ಲಕ್ಷಣ ಇಲ್ದಿದ್ರೆ ಪತ್ರನೇ ಕೊಡ್ಬೇಡಿ. ಒಬ್ರು ಟೀಚರ್, ಒಂದು ಫೋನ್ ನಂಬರ್, ಬಾಯಿಂದ ಬಾಯಿಗೆ, ಅಷ್ಟರಲ್ಲೇ ನಡೆಸಿ. ಅದೂ ಬಳಗವೇ.

5. ಕೇಳಿಸ್ಕೊಳ್ಳೋದನ್ನ ಕಲೀಬೇಕು

ಒಳ್ಳೇ ಮನಸ್ಸಿದ್ರೆ ಸಾಕು ಅನ್ಕೋತೀವಿ, ಸಾಲಲ್ಲ. ಒಬ್ರು ಮೊದಲ ಸಲ ಬಾಯಿ ಬಿಟ್ಟು ಹೇಳಿದಾಗ ನೀವು ಹೇಳ್ಬೇಕಾದ್ದು ಇಷ್ಟೇ: "ನನ್ನ ನಂಬಿ ಹೇಳಿದ್ಯಲ್ಲ, ಒಳ್ಳೇದಾಯ್ತು. ಇದು ನನ್ನಿಂದ ಹೊರಗೆ ಹೋಗಲ್ಲ. ನಿನಗೆ ಈಗ ಏನ್ ಬೇಕು?" ಇನ್ನು ಹೇಳ್ಬಾರ್ದ ಮಾತುಗಳು ನಮ್ಮಲ್ಲಿ ನಾಲಿಗೆ ತುದಿಲೇ ಇರ್ತವೆ: "ವಯಸ್ಸು ಚಿಕ್ಕದು, ಸರಿಹೋಗತ್ತೆ", "ಮದುವೆ ಆದ್ರೆ ಎಲ್ಲ ಮರೆತು ಹೋಗತ್ತೆ", "ಅಪ್ಪ ಅಮ್ಮನ್ ಮುಖ ನೋಡು", "ಯಾರಾದ್ರೂ ನಿನ್ನ ಹಾಳು ಮಾಡಿದ್ರಾ". ಮನೇಲಿ ಹೇಳ್ಬಿಡು ಅಂತ ಕೂಡ ಒತ್ತಾಯ ಮಾಡ್ಬೇಡಿ. ಫೀಸು ಕಟ್ಟೋದು ಅಪ್ಪ, ಇರೋದು ಅವರ ಮನೇಲಿ ಅಂದ್ಮೇಲೆ ಹೇಳೋದಾ ಬೇಡ್ವಾ, ಯಾವಾಗ ಅನ್ನೋದು ಅವರ ಲೆಕ್ಕ. ಒಬ್ಬ ಟ್ರಾನ್ಸ್ ವ್ಯಕ್ತಿ ಬಂದ್ರೆ ಯಾವ ಹೆಸರಿಂದ ಕರೀಲಿ ಅಂತ ಕೇಳಿ, ಗೊತ್ತಾಗೋವರೆಗೂ ಬಹುವಚನದಲ್ಲಿ ಮಾತಾಡಿ.

ಕೌನ್ಸೆಲರ್ ಹತ್ರ ಕಳಿಸೋ ಮುಂಚೆ ಆ ಕೌನ್ಸೆಲರ್‌ನ ನೀವೇ ಹೋಗಿ ಪರೀಕ್ಷೆ ಮಾಡಿ. "ಒಬ್ಬ ಸ್ಟೂಡೆಂಟ್ ಗೇ ಅಂತ ಹೇಳಿದ್ರೆ ನೀವು ಏನ್ ಮಾಡ್ತೀರಾ, ಅವರ ಮನೆಯವರು ಬಂದು ಕೇಳಿದ್ರೆ ಏನ್ ಹೇಳ್ತೀರಾ?" ಅಂತ ನೇರವಾಗಿ ಕೇಳಿ. "ಬದಲಾಯಿಸೋಕೆ ಆಗತ್ತೆ" ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಹೀಗೆ ಬದಲಾಯಿಸ್ತೀವಿ ಅನ್ನೋ ಚಿಕಿತ್ಸೆಗೆ ಕನ್ವರ್ಶನ್ ಥೆರಪಿ ಅಂತಾರೆ, ಅದು ವೈದ್ಯರ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನ ರೋಗಗಳ ಪಟ್ಟಿಯಿಂದ ತೆಗೆದಿದ್ದು 1990ರಲ್ಲಿ, ಅಂದ್ರೆ ಇವತ್ತಿನ ಸ್ಟೂಡೆಂಟ್ಸ್ ಹುಟ್ಟೋಕೂ ಮುಂಚೆ. ಮನೆಯವರು ಹರಕೆ, ತಾಯತ, ಮಂತ್ರವಾದಿ ಅಂತ ಓಡಾಡಿಸ್ತಿದ್ರೆ ಅದನ್ನೂ ಇದರ ಜೊತೆಗೇ ಸೇರಿಸಿ ನೋಡಿ, ಪೂಜೆ ಅಂತ ಹಗುರವಾಗಿ ಬಿಡ್ಬೇಡಿ, ಆ ಮಕ್ಕಳು ಒಳಗೆ ಎಷ್ಟು ಒಡೆದು ಹೋಗಿರ್ತಾರೆ ಅಂತ ಮಾತಾಡಿಸಿದ್ರೆ ಗೊತ್ತಾಗತ್ತೆ.

ಕೌನ್ಸೆಲರ್ ಸಿಗದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲಿ, ಪುಕ್ಕಟೆ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಕಡೆ ಮನೋವೈದ್ಯ ವಿಭಾಗ ಇದೆ. ಎಚ್‌ಐವಿ ಪರೀಕ್ಷೆ ಬಗ್ಗೆ ಕೇಳೋಕೆ 1097.

6. ಸೇರೋದು: ಎಲ್ಲಿ, ಯಾವಾಗ, ಯಾವ ಭಾಷೆಲಿ

ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದಿಂದ ರೈಲಿನ ಪಾಸ್ ಮಾಡಿಸ್ಕೊಂಡು ದಿನಾ ಓಡಾಡೋ ಮಕ್ಕಳು ತುಂಬ ಇದಾರೆ. ಸಂಜೆ ಆರಕ್ಕೆ ಮೀಟಿಂಗ್ ಇಟ್ರೆ ಅವರು ಬರಲ್ಲ, ಲೇಡೀಸ್ ಹಾಸ್ಟೆಲ್ ಹುಡುಗೀರೂ ಬರೋಕಾಗಲ್ಲ, ಕೊನೆಗೆ ಸಿಟಿಲಿ ರೂಮ್ ಮಾಡ್ಕೊಂಡಿರೋ ಹುಡುಗರದ್ದೇ ಗುಂಪಾಗತ್ತೆ. ಮಧ್ಯಾಹ್ನ ಊಟದ ಹೊತ್ತು, ಇಲ್ಲಾ ಶನಿವಾರ ಕ್ಲಾಸ್ ಮುಗಿದ ತಕ್ಷಣ ಇಡಿ. ಜಾಗ ಸಾದಾ ಸೆಮಿನಾರ್ ರೂಮ್ ಆಗಿರ್ಲಿ. ಕುಕ್ಕರಹಳ್ಳಿ ಕೆರೆ ಏರಿ ಚೆನ್ನಾಗಿದೆ, ಆದ್ರೆ ಬೆಳಗ್ಗೆ ಸಂಜೆ ಅರ್ಧ ಯೂನಿವರ್ಸಿಟಿ ಅಲ್ಲೇ ವಾಕಿಂಗ್ ಮಾಡತ್ತೆ, ಮನಸ್ಸು ಬಿಚ್ಚಿ ಮಾತಾಡೋ ಜಾಗ ಅಲ್ಲ.

ಕನ್ನಡದಲ್ಲಿ ಮಾತಾಡಿ. ಇದನ್ನ ಸುಮ್ನೆ ಹೇಳ್ತಿಲ್ಲ. ಈ ವಿಷಯದ ಮಾತೆಲ್ಲ ಇಂಗ್ಲಿಷಲ್ಲೇ ಶುರುವಾಗತ್ತೆ, ಇಂಗ್ಲಿಷಲ್ಲಿ ಮಾತು ಹರಿಯೋಕೆ ಶುರುವಾದ ಕೂಡ್ಲೇ ಕೆ.ಆರ್. ಪೇಟೆಯಿಂದ ಕನ್ನಡ ಮೀಡಿಯಮ್ಮಲ್ಲಿ ಓದಿ ಬಂದ ಹುಡುಗ ಹಿಂದಿನ ಬೆಂಚಿಗೆ ಹೋಗ್ತಾನೆ, ಎರಡನೇ ವಾರ ಬರೋದೇ ಇಲ್ಲ. ಅವನಿಗೆ ಇದರ ಅಗತ್ಯ ಎಲ್ಲರಿಗಿಂತ ಜಾಸ್ತಿ ಇತ್ತು. ಜಾತಿನೂ ಹಾಗೇ. ಎಸ್‌ಸಿ ಎಸ್‌ಟಿ ಹಾಸ್ಟೆಲಲ್ಲಿ ಇರೋ ಮಕ್ಕಳಿಗೆ ಸ್ಕಾಲರ್‌ಶಿಪ್ಪು, ಹಾಸ್ಟೆಲ್ ಸೀಟು ಹೋದ್ರೆ ಓದೇ ನಿಲ್ಲತ್ತೆ, ಅವರು ತಗೊಳ್ಳೋ ಅಪಾಯ ದೊಡ್ಡದು, ಅವರ ಮಾತು ಮೊದ್ಲು ಕೇಳಿ.

ಪ್ರತಿ ಸಲ ಕಷ್ಟ ಸುಖನೇ ಹೇಳ್ಕೊಂಡು ಅಳ್ಬೇಕು ಅಂತಿಲ್ಲ. ಒಂದು ಕಥೆ ಓದಿ, ಲೆಕ್ಚರರ್ ಆಗೋಕೆ ಬರೆಯೋ ನೆಟ್, ಕೆಸೆಟ್ ಪರೀಕ್ಷೆಗೆ ಜೊತೆಗೆ ಓದ್ಕೊಳ್ಳಿ, ರಂಗಾಯಣದಲ್ಲಿ ನಾಟಕ ಇದ್ರೆ ಗುಂಪಾಗಿ ಹೋಗಿ. ನಾಟಕಕ್ಕೆ ಹೋಗೋರನ್ನ ಯಾರೂ ಯಾಕೆ ಅಂತ ಕೇಳಲ್ಲ.

ದಸರಾ ರಜೆ, ಪರೀಕ್ಷೆ ಆದ್ಮೇಲಿನ ರಜೆ, ಈ ಹೊತ್ತಲ್ಲಿ ಮೀಟಿಂಗ್ ಇರಲ್ಲ, ಆದ್ರೆ ಕಷ್ಟ ಜಾಸ್ತಿ ಆಗೋದೂ ಆಗಲೇ. ಊರಿಗೆ ಹೋದಾಗ ಹೆಣ್ಣು ನೋಡೋ ಗಂಡು ನೋಡೋ ಮಾತು ಬರೋದು ಆವಾಗ. ರಜೆ ಶುರುವಾಗೋ ಮುಂಚೆ ಯಾರು ಯಾರಿಗೆ ಮೆಸೇಜ್ ಮಾಡಿ ವಿಚಾರಿಸ್ಬೇಕು ಅಂತ ಹಂಚ್ಕೊಳ್ಳಿ.

7. ಟ್ರಾನ್ಸ್ ವಿದ್ಯಾರ್ಥಿಗಳ ಕಾಗದ ಪತ್ರ, ಹಾಸ್ಟೆಲು, ಶೌಚಾಲಯ

ಇವರ ಕಷ್ಟ ಬಚ್ಚಿಡೋಕೆ ಆಗೋ ಥರದ್ದಲ್ಲ, ದಿನಾ ಎದುರಾಗತ್ತೆ. ಅಟೆಂಡೆನ್ಸ್ ಕೂಗೋವಾಗ ಹಳೇ ಹೆಸರು, ಐಡಿ ಕಾರ್ಡಲ್ಲಿ ಹಳೇ ಫೋಟೋ, ಯಾವ ಶೌಚಾಲಯಕ್ಕೆ ಹೋಗೋದು ಅಂತ ಇಡೀ ದಿನ ನೀರೇ ಕುಡೀದೆ ಇರೋದು. ಬಳಗ ತಕ್ಷಣ ಮಾಡ್ಬಹುದಾದ್ದು: ಟೀಚರ್‌ಗಳ ಹತ್ರ ಮಾತಾಡಿ ಹೆಸರಿನ ಬದಲು ರೋಲ್ ನಂಬರ್ ಕೂಗೋ ಹಾಗೆ ಮಾಡೋದು, ಸ್ಟಾಫ್ ಶೌಚಾಲಯದಲ್ಲಿ ಒಂದನ್ನ ಎಲ್ಲರಿಗೂ ಅಂತ ಬಿಡಿಸೋದು. ಇವೆರಡಕ್ಕೂ ಸಿಂಡಿಕೇಟ್ ಸಭೆ ಬೇಕಿಲ್ಲ. ಹಾಸ್ಟೆಲ್ ವಿಷಯಕ್ಕೆ ವಾರ್ಡನ್ ಜೊತೆ ಮೊದ್ಲೇ, ಅಡ್ಮಿಶನ್ ಹೊತ್ತಲ್ಲೇ ಕೂತು ಮಾತಾಡಿ, ಸೀಟು ಹಂಚಿ ಆದ್ಮೇಲೆ ಯಾರೂ ಅಲ್ಲಾಡಲ್ಲ.

ಗುರುತಿನ ಪ್ರಮಾಣಪತ್ರ ಕೊಡೋರು ಜಿಲ್ಲಾಧಿಕಾರಿ, ಅರ್ಜಿ ಹಾಕೋದು ಕೇಂದ್ರದ ಆನ್‌ಲೈನ್ ಪೋರ್ಟಲಲ್ಲಿ. ನಿಯಮಗಳು ಬದಲಾಗ್ತಾ ಇರ್ತವೆ, ಹಳೇ ಯೂಟ್ಯೂಬ್ ವಿಡಿಯೋ ನೋಡ್ಕೊಂಡು ಹಾಕ್ಬೇಡಿ, ಈಗ ಯಾವ ದಾಖಲೆ ಬೇಕು ಅಂತ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ ಹಾಕಿ. ಮಾರ್ಕ್ಸ್ ಕಾರ್ಡಲ್ಲಿ ಹೆಸರು ತಿದ್ದಿಸೋಕೆ ಪರೀಕ್ಷಾಂಗಕ್ಕೆ ಹೋಗುವಾಗ ಬಳಗದ ಟೀಚರ್ ಒಬ್ರು ಜೊತೆಗೆ ಹೋಗಿ. ಕೌಂಟರ್ ಮುಂದೆ ನಾಲ್ಕು ಜನ ನಗ್ತಾ ನೋಡೋವಾಗ ಪಕ್ಕದಲ್ಲಿ ಒಬ್ರು ಇದ್ರೆ ಆ ಕೆಲಸ ಆಗತ್ತೆ, ಇಲ್ದಿದ್ರೆ ಅರ್ಜಿ ಕೊಡದೇ ವಾಪಸ್ ಬರ್ತಾರೆ.

8. ತುರ್ತು ಯೋಜನೆ, ಬರೆದಿಟ್ಕೊಳ್ಳಿ

ಮನೆಯವರು ಬಂದು ಎಳ್ಕೊಂಡ್ ಹೋಗೋಕೆ ನೋಡಿದ್ರೆ: 18 ತುಂಬಿದೋರು ಎಲ್ಲಿರ್ಬೇಕು ಅನ್ನೋದು ಅವರ ಇಷ್ಟ. 112ಕ್ಕೆ ಕಾಲ್ ಮಾಡಿ, ವಾರ್ಡನ್‌ನ ಕರೀರಿ, ಆ ವ್ಯಕ್ತಿಯಿಂದ "ನಾನು ಇಷ್ಟಪಟ್ಟು ಇಲ್ಲೇ ಇದೀನಿ" ಅಂತ ಕೈಬರಹದಲ್ಲಿ ತಾರೀಖು ಸಮೇತ ಬರೆಸಿ ಇಟ್ಕೊಳ್ಳಿ. ಆಗಲೇ ಕರ್ಕೊಂಡ್ ಹೋಗಿ ಕೂಡಿ ಹಾಕಿದ್ರೆ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕ್ಬಹುದು, ಅಂದ್ರೆ ಆ ವ್ಯಕ್ತಿನ ಕೋರ್ಟ್ ಮುಂದೆ ತನ್ನಿ ಅಂತ ಕೇಳೋ ಅರ್ಜಿ. ಇಂಥ ಅರ್ಜಿ ಬಂದಾಗ ನ್ಯಾಯಾಲಯಗಳು ಹೇಗೆ ನಡ್ಕೋಬೇಕು, ಕೌನ್ಸೆಲಿಂಗ್ ಹೆಸರಲ್ಲಿ ಮನಸ್ಸು ಬದಲಾಯಿಸೋಕೆ ಹೋಗ್ಬಾರ್ದು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚಲ್ಲಿ ಮಾರ್ಗಸೂಚಿ ಕೊಟ್ಟಿದೆ. ವಕೀಲರ ಖರ್ಚಿಗೆ ಹೆದರ್ಬೇಡಿ, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ, ಕಡಿಮೆ ಆದಾಯದವರಿಗೆ ಪುಕ್ಕಟೆ ಕಾನೂನು ನೆರವಿದೆ, 15100.

ಫೋಟೋ ಇಟ್ಕೊಂಡು ದುಡ್ಡು ಕೇಳಿದ್ರೆ: ಒಂದು ರೂಪಾಯಿನೂ ಕೊಡ್ಬೇಡಿ, ಒಂದ್ಸಲ ಕೊಟ್ರೆ ನಿಲ್ಲಲ್ಲ. ಚಾಟ್ ಡಿಲೀಟ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ತೆಗೆದು ಬಳಗದಲ್ಲಿ ಒಬ್ರಿಗೆ ಕಳಿಸಿ ಇಡಿ, ದುಡ್ಡು ಆಗ್ಲೇ ಹೋಗಿದ್ರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಕಾಲ್ ಮಾಡಿ. ಸ್ಟೇಷನ್‌ಗೆ ಒಬ್ರನ್ನೇ ಕಳಿಸ್ಬೇಡಿ. ಸುಲಿಗೆ ಅಪರಾಧ, ಗೇ ಆಗಿರೋದು ಅಪರಾಧ ಅಲ್ಲ, ದೂರಲ್ಲಿ ಸುಲಿಗೆ ವಿಷಯ ಬರೆದ್ರೆ ಸಾಕು.

ಸಾಯೋ ಮಾತಾಡಿದ್ರೆ: ನೇರವಾಗಿ ಕೇಳಿ, "ಪ್ರಾಣ ಕಳ್ಕೊಳ್ಳೋ ಯೋಚನೆ ಬರ್ತಿದ್ಯಾ?" ಕೇಳಿದ್ರೆ ಆ ಯೋಚನೆ ಹುಟ್ಟತ್ತೆ ಅನ್ನೋದು ಸುಳ್ಳು. ಒಬ್ರನ್ನೇ ಬಿಡ್ಬೇಡಿ, 14416ಕ್ಕೆ ಪಕ್ಕದಲ್ಲಿ ಕೂತು ಕಾಲ್ ಮಾಡಿ, ಏನಾದ್ರೂ ಮಾಡ್ಕೊಂಡಿದ್ರೆ ಹತ್ತಿರದ ಆಸ್ಪತ್ರೆ, ತಡ ಮಾಡ್ದೆ. ಪೊಲೀಸ್ ಕೇಸ್ ಆಗತ್ತೆ ಅಂತ ಹೆದರಿ ಆಸ್ಪತ್ರೆಗೆ ಕರ್ಕೊಂಡ್ ಹೋಗದೇ ಇರೋರಿದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಹಾಗೆ ಮಾಡ್ಕೊಂಡೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ತಿಳ್ಕೋಬೇಕು, ಅದಕ್ಕಾಗಿ ಅವರಿಗೆ ಶಿಕ್ಷೆ ಕೊಡಲ್ಲ.

ಇದೆಲ್ಲ ಒಬ್ರೇ ಹೊತ್ಕೋಬೇಡಿ. ತುರ್ತು ಕಾಲ್ ತಗೊಳ್ಳೋ ಸರದಿ ವಾರಕ್ಕೊಬ್ರಿಗೆ ಇರ್ಲಿ, ಪರೀಕ್ಷೆ ಇರೋ ಸ್ಟೂಡೆಂಟ್‌ಗೆ ಆ ತಿಂಗಳು ಸರದಿ ಬೇಡ.

9. ಮುಂದಿನ ವರ್ಷಕ್ಕೆ ದಾಟಿಸೋದು

ಕೊನೇ ಸೆಮಿಸ್ಟರ್ ಪರೀಕ್ಷೆ ಶುರುವಾಗೋ ಮುಂಚೆ, ಆಮೇಲೆ ಅಲ್ಲ, ಹೊಸಬರಿಬ್ಬರಿಗೆ ಕೆಲಸ ಒಪ್ಪಿಸಿ. ಬಳಗಕ್ಕೆ ಅಂತ ಒಂದು ಬೇರೆ ಸಿಮ್ ಇದ್ರೆ ಅದು ಪರ್ಮನೆಂಟ್ ಟೀಚರ್ ಹತ್ರ ಇರ್ಲಿ, ಪಾಸಾಗಿ ಹೋಗೋ ಹುಡುಗನ ಹೆಸರಲ್ಲಿ ಬೇಡ. ಒಪ್ಪಿಸೋ ಫೈಲಲ್ಲಿ ನಿಯಮಗಳ ಪ್ರಿಂಟು, ಸೀಲು ಹಾಕಿದ ಪತ್ರ, ನಂಬಿಕಸ್ಥ ಕೌನ್ಸೆಲರ್ ಮತ್ತು ವಕೀಲರ ನಂಬರು ಇರ್ಲಿ. ಯಾರ ಕಥೆನೂ, ಯಾರ ಹೆಸರೂ ಬೇಡ. ಹೊಸಬರು ಬಂದ್ಮೇಲೆ ಹಳೇ ಗ್ರೂಪ್ ಪೂರ್ತಿ ಅಳಿಸಿ ಹೊಸದು ಮಾಡಿ, ಪಾಸಾಗಿ ಹೋದವರಲ್ಲಿ ಯಾರಿಗೆ ಮುಂದಕ್ಕೂ ಸಂಪರ್ಕ ಬೇಕೋ ಅವರನ್ನ ಒಬ್ಬೊಬ್ರಾಗಿ ಕೇಳಿ ಸೇರಿಸಿ. ಜುಲೈ ಆಗಸ್ಟಲ್ಲಿ ಅಡ್ಮಿಶನ್ ನಡೀವಾಗ ಸಹಾಯವಾಣಿ ಹಾಳೆ ನೋಟಿಸ್ ಬೋರ್ಡಲ್ಲಿ ಇನ್ನೂ ಇದ್ಯಾ ನೋಡಿ, ಹರಿದಿದ್ರೆ ಹೊಸದು ಅಂಟಿಸಿ. ಲೇಡೀಸ್ ರೂಮು, ಲೈಬ್ರರಿ ಒಳಗಿನ ಗೋಡೆ, ಶೌಚಾಲಯದ ಬಾಗಿಲ ಹಿಂದೆ ಅಂಟಿಸಿದ್ರೆ ಇನ್ನೂ ಒಳ್ಳೇದು, ಯಾರೂ ನೋಡ್ತಿಲ್ಲ ಅಂತ ಗೊತ್ತಿರೋ ಜಾಗದಲ್ಲಿ ನಂಬರ್ ಬರ್ಕೊಳ್ಳೋದು ಸುಲಭ.